ಹೃದಯಕ್ಕೆ ಬಿಡುವು ಕೊಟ್ಟ ವೈದ್ಯ: ಜಾನ್ ಗಿಬ್ಬನ್

ಮಕ್ಕಳೇ, ನಿಮ್ಮ ಎದೆಯ ಮೇಲೆ ಅಂಗೈ ಇಟ್ಟು ನೋಡಿ. ಒಳಗೆ ಏನೋ ಬಡಿಯುತ್ತಿರುವುದು ಕೈಗೆ ತಿಳಿಯುತ್ತದೆ. ಅದೇ ಹೃದಯ. ಅದು ಹೆಚ್ಚುಕಡಿಮೆ ನಿಮ್ಮ ಮುಷ್ಟಿಯಷ್ಟು ದೊಡ್ಡದು. ನಾವು ಓಡುವಾಗ ಬಡಿಯುತ್ತದೆ, ಊಟ ಮಾಡುವಾಗ ಬಡಿಯುತ್ತದೆ, ಗಾಢ ನಿದ್ರೆಯಲ್ಲಿರುವಾಗಲೂ ಬಡಿಯುತ್ತದೆ. ಒಂದು ದಿನಕ್ಕೆ ಸುಮಾರು ಒಂದು ಲಕ್ಷ ಬಾರಿ! ಅದಕ್ಕೆ ಭಾನುವಾರದ ರಜೆಯೂ ಇಲ್ಲ, ಹಬ್ಬದ ರಜೆಯೂ ಇಲ್ಲ.

ಹೃದಯದ ಕೆಲಸವೇನು? ಅದು ರಕ್ತವನ್ನು ನೂಕುವ ಪಂಪು. ಅದರೊಳಗೆ ನಾಲ್ಕು ಕೋಣೆಗಳಿವೆ. ಮೈಯನ್ನೆಲ್ಲ ಸುತ್ತಿ ಬಂದ ರಕ್ತವು ಬಲಗಡೆಯ ಕೋಣೆಗಳಿಗೆ ಬರುತ್ತದೆ. ಅಲ್ಲಿಂದ ಶ್ವಾಸಕೋಶಕ್ಕೆ ಹೋಗಿ, ನಾವು ಉಸಿರಾಡಿದ ಗಾಳಿಯಿಂದ ಆಮ್ಲಜನಕವನ್ನು ಪಡೆಯುತ್ತದೆ. ಹೀಗೆ ಶುದ್ಧವಾದ ರಕ್ತವು ಎಡಗಡೆಯ ಕೋಣೆಗಳಿಗೆ ಬಂದು, ಅಲ್ಲಿಂದ ಮತ್ತೆ ಮೈಗೆಲ್ಲ ಹರಿಯುತ್ತದೆ. ಎಡಕ್ಕೂ ಬಲಕ್ಕೂ ನಡುವೆ ಒಂದು ಗೋಡೆ ಇದೆ.

ಕೆಲವು ಮಕ್ಕಳು ಹುಟ್ಟುವಾಗಲೇ ಅವರ ಹೃದಯದಲ್ಲಿ ಏನಾದರೊಂದು ಕೊರತೆ ಇರುತ್ತದೆ. ಇದಕ್ಕೆ ಹುಟ್ಟು ಹೃದಯದೋಷ ಎನ್ನುತ್ತಾರೆ. ಹುಟ್ಟುವ ನೂರು ಮಕ್ಕಳಲ್ಲಿ ಸುಮಾರು ಒಂದು ಮಗುವಿಗೆ ಇಂತಹ ದೋಷವಿರುತ್ತದೆ. ಕೆಲವರಲ್ಲಿ ನಡುಗೋಡೆಯಲ್ಲಿ ರಂಧ್ರ ಇರುತ್ತದೆ. ಆ ರಂಧ್ರದ ಮೂಲಕ ರಕ್ತವು ತಪ್ಪು ದಾರಿಯಲ್ಲಿ ನುಗ್ಗುತ್ತದೆ. ಹೃದಯಕ್ಕೆ ಹೊರೆ ಹೆಚ್ಚುತ್ತದೆ. ರಂಧ್ರ ದೊಡ್ಡದಾಗಿದ್ದರೆ ಮಗು ಬೇಗ ಆಯಾಸಪಡುತ್ತದೆ, ಏದುಸಿರು ಬಿಡುತ್ತದೆ, ಸರಿಯಾಗಿ ಬೆಳೆಯುವುದಿಲ್ಲ. ಬೇರೆ ಕೆಲವು ದೋಷಗಳಲ್ಲಿ ಮಗುವಿನ ತುಟಿ ಮತ್ತು ಉಗುರುಗಳು ನೀಲಿಯಾಗುತ್ತವೆ.

ರಂಧ್ರವಿದ್ದರೆ ಹೊಲಿದು ಮುಚ್ಚಬಾರದೇ ಎಂದು ನೀವು ಕೇಳಬಹುದು. ತೋಟದ ಪಂಪ್‌ಸೆಟ್ ಕೆಟ್ಟರೆ ಅದನ್ನು ನಿಲ್ಲಿಸಿ, ಬಿಚ್ಚಿ, ಸರಿಪಡಿಸುತ್ತೇವೆ. ಆದರೆ ಹೃದಯವನ್ನು ನಿಲ್ಲಿಸುವುದು ಹೇಗೆ? ಅದು ನಿಂತರೆ ಮಿದುಳಿಗೆ ರಕ್ತ ಹೋಗುವುದಿಲ್ಲ. ನಾಲ್ಕೈದು ನಿಮಿಷ ರಕ್ತ ಸಿಗದಿದ್ದರೆ ಸಾಕು, ಮಿದುಳಿಗೆ ಹಾನಿಯಾಗುತ್ತದೆ, ಮನುಷ್ಯ ಸಾಯುತ್ತಾನೆ. ಹೃದಯವನ್ನು ತೆರೆದು ಒಳಗಿನ ದೋಷವನ್ನು ಸರಿಪಡಿಸಲು ಅಷ್ಟು ಸಮಯ ಸಾಲದು. ಆದ್ದರಿಂದ ಬಹಳ ಕಾಲ ವೈದ್ಯರು ಹೃದಯದ ಒಳಭಾಗವನ್ನು ಮುಟ್ಟಲು ಸಾಧ್ಯವಾಗಿರಲಿಲ್ಲ. ಈ ಕಷ್ಟಕ್ಕೆ ಒಂದು ದಾರಿ ಕಂಡುಹಿಡಿಯಲು ಇಪ್ಪತ್ತಕ್ಕೂ ಹೆಚ್ಚು ವರ್ಷ ದುಡಿದವರು ಅಮೆರಿಕದ ವೈದ್ಯ ಜಾನ್ ಗಿಬ್ಬನ್.

ಜಾನ್ ಗಿಬ್ಬನ್ ಅವರು 1903ನೇ ಇಸವಿ ಸೆಪ್ಟೆಂಬರ್ 29ರಂದು ಫಿಲಡೆಲ್ಫಿಯಾ ನಗರದಲ್ಲಿ ಹುಟ್ಟಿದರು. ಅವರದು ವೈದ್ಯರ ಮನೆತನ. ತಂದೆಯೂ ಹೆಸರಾಂತ ಶಸ್ತ್ರವೈದ್ಯರು. ಆದರೆ ಯುವಕ ಗಿಬ್ಬನ್ ಅವರಿಗೆ ಸಾಹಿತ್ಯದಲ್ಲಿ ಬಹಳ ಒಲವು. ಪದ್ಯಗಳನ್ನು ಬರೆಯುತ್ತಿದ್ದರು. ವೈದ್ಯಕೀಯ ಕಲಿಯುತ್ತಿರುವಾಗಲೇ ಅದನ್ನು ಬಿಟ್ಟು ಬರಹಗಾರನಾಗಬೇಕೆಂಬ ಆಸೆ ಅವರಿಗೆ ಬಂತು. ಹಿಡಿದ ಓದನ್ನು ಮೊದಲು ಮುಗಿಸುವಂತೆ ತಂದೆ ತಿಳಿಹೇಳಿದರು. ಮಗ ಆ ಮಾತನ್ನು ಒಪ್ಪಿಕೊಂಡರು. 1927ರಲ್ಲಿ ಜೆಫರ್ಸನ್ ವೈದ್ಯಕೀಯ ಕಾಲೇಜಿನಿಂದ ಪದವಿ ಪಡೆದು ವೈದ್ಯರಾದರು.

1930ರಲ್ಲಿ ಅವರು ಹೆಚ್ಚಿನ ಅಧ್ಯಯನಕ್ಕಾಗಿ ಬಾಸ್ಟನ್ ನಗರದ ಒಂದು ದೊಡ್ಡ ಆಸ್ಪತ್ರೆಗೆ ಹೋದರು. ಅಲ್ಲಿ ಎಡ್ವರ್ಡ್ ಚರ್ಚಿಲ್ ಎಂಬ ಹಿರಿಯ ವೈದ್ಯರು ಅವರಿಗೆ ಗುರುಗಳು. ಅಲ್ಲಿದ್ದಾಗ ನಡೆದ ಒಂದು ಘಟನೆ ಅವರ ಬದುಕಿನ ದಾರಿಯನ್ನೇ ಬದಲಿಸಿತು.

ಆ ಆಸ್ಪತ್ರೆಯಲ್ಲಿ ಒಬ್ಬ ಮಹಿಳೆ ಬೇರೊಂದು ಶಸ್ತ್ರಚಿಕಿತ್ಸೆಯ ನಂತರ ಚೇತರಿಸಿಕೊಳ್ಳುತ್ತಿದ್ದರು. ಇದ್ದಕ್ಕಿದ್ದಂತೆ ಅವರಿಗೆ ಎದೆನೋವು ಬಂತು, ಉಸಿರು ಕಟ್ಟಿತು. ಹೃದಯದಿಂದ ಶ್ವಾಸಕೋಶಕ್ಕೆ ಹೋಗುವ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತದ ಗಡ್ಡೆ ಸಿಕ್ಕಿಕೊಂಡಿತ್ತು. ರಾತ್ರಿಯಿಡೀ ಅವರ ಬಳಿ ಕುಳಿತು ನೋಡಿಕೊಳ್ಳುವ ಕೆಲಸ ಗಿಬ್ಬನ್ ಅವರ ಪಾಲಿಗೆ ಬಂತು. ಹದಿನೈದು ನಿಮಿಷಕ್ಕೊಮ್ಮೆ ನಾಡಿ ಎಣಿಸಿದರು, ರಕ್ತದೊತ್ತಡ ನೋಡಿ ಬರೆದುಕೊಂಡರು. ರೋಗಿಯ ಸ್ಥಿತಿ ಕ್ಷಣಕ್ಷಣಕ್ಕೂ ಹದಗೆಡುತ್ತಿತ್ತು. ಬೆಳಗಾಗುವ ಹೊತ್ತಿಗೆ ನಾಡಿಯೇ ಸಿಗದಂತಾಯಿತು. ಚರ್ಚಿಲ್ ಅವರು ಕೂಡಲೇ ಎದೆಯನ್ನು ತೆರೆದು, ಕೆಲವೇ ನಿಮಿಷಗಳಲ್ಲಿ ಆ ಗಡ್ಡೆಯನ್ನು ತೆಗೆದರು. ಆದರೂ ರೋಗಿ ಬದುಕಲಿಲ್ಲ.

ರಾತ್ರಿಯೆಲ್ಲ ಕುಳಿತಿದ್ದಾಗ ಗಿಬ್ಬನ್ ಅವರ ಮನಸ್ಸಿನಲ್ಲಿ ಒಂದು ಯೋಚನೆ ಮೂಡಿತ್ತು. ರೋಗಿಯ ರಕ್ತನಾಳಗಳಲ್ಲಿ ಕಪ್ಪಾದ ರಕ್ತ ತುಂಬಿ ನಿಂತಿತ್ತು. ಆ ರಕ್ತವನ್ನು ಸ್ವಲ್ಪ ಸ್ವಲ್ಪವಾಗಿ ಹೊರಗೆ ತೆಗೆದು, ಅದಕ್ಕೆ ಆಮ್ಲಜನಕವನ್ನು ಬೆರೆಸಿ, ಮತ್ತೆ ಮೈಯೊಳಗೆ ಬಿಡುವ ಒಂದು ಯಂತ್ರವಿದ್ದಿದ್ದರೆ? ಹೃದಯದ ಕೆಲಸವನ್ನೂ ಶ್ವಾಸಕೋಶದ ಕೆಲಸವನ್ನೂ ಆ ಯಂತ್ರವೇ ಸ್ವಲ್ಪ ಹೊತ್ತು ಮಾಡಿದ್ದರೆ? ಆಗ ಆ ಮಹಿಳೆ ಉಳಿಯುತ್ತಿದ್ದರೇನೋ. ಈ ಯೋಚನೆ ಅವರನ್ನು ಮತ್ತೆಂದೂ ಬಿಡಲಿಲ್ಲ.

ಚರ್ಚಿಲ್ ಅವರ ಪ್ರಯೋಗಾಲಯದಲ್ಲಿ ಮೇರಿ ಹಾಪ್ಕಿನ್ಸನ್ ಎಂಬ ಯುವತಿ ಕೆಲಸ ಮಾಡುತ್ತಿದ್ದರು. 1931ರಲ್ಲಿ ಗಿಬ್ಬನ್ ಮತ್ತು ಮೇರಿ ಮದುವೆಯಾದರು. ಗಂಡನ ಕನಸು ಹೆಂಡತಿಯ ಕನಸೂ ಆಯಿತು. ಗಿಬ್ಬನ್ ಅವರು ತಮ್ಮ ಯೋಚನೆಯನ್ನು ಹೇಳಿದಾಗ ಹಿರಿಯರಲ್ಲಿ ಹೆಚ್ಚಿನವರು ತಲೆಯಾಡಿಸಿಬಿಟ್ಟರು. ಇದು ಆಗದ ಕೆಲಸ, ಬೇರೆ ಏನಾದರೂ ಸುಲಭವಾದ ವಿಷಯ ಹಿಡಿಯುವುದು ಒಳ್ಳೆಯದು ಎಂದು ಬುದ್ಧಿ ಹೇಳಿದವರೂ ಇದ್ದರು. ಆದರೂ 1934ರಲ್ಲಿ ಚರ್ಚಿಲ್ ಅವರು ತಮ್ಮ ಪ್ರಯೋಗಾಲಯದಲ್ಲಿ ಜಾಗ ಕೊಟ್ಟರು. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಇಳಿದರು.

ಅವರ ಬಳಿ ಹೆಚ್ಚು ಹಣವಿರಲಿಲ್ಲ. ಹಳೆಯ ಸಾಮಾನಿನ ಅಂಗಡಿಯಿಂದ ಅಗ್ಗದ ಬೆಲೆಗೆ ಒಂದು ಗಾಳಿ ಪಂಪನ್ನು ಕೊಂಡು ತಂದರು. ಗಾಜು, ಲೋಹ, ರಬ್ಬರು, ಹೀಗೆ ಸಿಕ್ಕ ಸಾಮಾನುಗಳನ್ನು ಜೋಡಿಸಿ ಯಂತ್ರ ಮಾಡಿದರು. ಬೆಳಗ್ಗೆ ಬೇಗ ಬಂದು ಯಂತ್ರವನ್ನು ಸಿದ್ಧಪಡಿಸುವುದು, ದಿನವಿಡೀ ಪ್ರಯೋಗ ನಡೆಸುವುದು, ಸಂಜೆ ಎಲ್ಲವನ್ನೂ ತೊಳೆದು ಒರೆಸಿಡುವುದು. ಇದೇ ಅವರ ದಿನಚರಿಯಾಗಿತ್ತು. ಮೇರಿ ಅವರು ಬರೀ ಸಹಾಯಕಿಯಾಗಿರಲಿಲ್ಲ. ಯಂತ್ರವನ್ನು ಮಾಡುವುದರಲ್ಲೂ, ಪ್ರಯೋಗದಲ್ಲೂ, ಲೆಕ್ಕ ಬರೆಯುವುದರಲ್ಲೂ ಅವರದು ಸಮಪಾಲು.

ಅವರ ಮುಂದೆ ಮೂರು ದೊಡ್ಡ ತೊಡಕುಗಳಿದ್ದವು. ಮೊದಲನೆಯದು, ಮೈಯಿಂದ ಹೊರಬಂದ ರಕ್ತ ಹೆಪ್ಪುಗಟ್ಟುತ್ತದೆ. ಕೈ ಕೊಯ್ದುಕೊಂಡಾಗ ಸ್ವಲ್ಪ ಹೊತ್ತಿಗೆ ರಕ್ತ ಗಟ್ಟಿಯಾಗುವುದನ್ನು ನೀವು ನೋಡಿದ್ದೀರಿ. ಯಂತ್ರದಲ್ಲಿ ಹಾಗಾದರೆ ಕೆಲಸವೇ ಕೆಟ್ಟಿತು. ಆ ಹೊತ್ತಿಗೆ ಹೆಪಾರಿನ್ ಎಂಬ ಔಷಧ ಸಿಗುತ್ತಿತ್ತು. ಅದನ್ನು ಕೊಟ್ಟರೆ ರಕ್ತ ಹೆಪ್ಪುಗಟ್ಟುತ್ತಿರಲಿಲ್ಲ.

ಎರಡನೆಯದು, ರಕ್ತವನ್ನು ನೂಕುವಾಗ ಅದಕ್ಕೆ ಪೆಟ್ಟಾಗಬಾರದು. ರಕ್ತದಲ್ಲಿ ಕಣ್ಣಿಗೆ ಕಾಣದಷ್ಟು ಚಿಕ್ಕದಾದ ಕೆಂಪು ಕಣಗಳಿರುತ್ತವೆ. ಜೋರಾಗಿ ನೂಕಿದರೆ ಅವು ಒಡೆದುಹೋಗುತ್ತವೆ. ಇದಕ್ಕೆ ಮುಂದೆ ಸಿಕ್ಕಿದ ಉಪಾಯ ಉರುಳೆಗಳ ಪಂಪು. ನೀರು ತುಂಬಿದ ರಬ್ಬರ್ ಪೈಪನ್ನು ಒಂದು ತುದಿಯಿಂದ ಬೆರಳಲ್ಲಿ ಒತ್ತುತ್ತ ಹೋದರೆ ನೀರು ಮುಂದೆ ಮುಂದೆ ಸಾಗುತ್ತದಲ್ಲವೇ? ಅದೇ ರೀತಿ ಉರುಳೆಗಳು ಕೊಳವೆಯನ್ನು ಮೆಲ್ಲನೆ ಒತ್ತುತ್ತ ರಕ್ತವನ್ನು ಮುಂದಕ್ಕೆ ಸಾಗಿಸುತ್ತವೆ.

ಮೂರನೆಯದು ಎಲ್ಲಕ್ಕಿಂತ ಕಷ್ಟದ್ದು. ರಕ್ತಕ್ಕೆ ಆಮ್ಲಜನಕವನ್ನು ಸೇರಿಸುವುದು ಹೇಗೆ? ಒಂದು ಚೊಂಬಿನಲ್ಲಿ ರಕ್ತವನ್ನಿಟ್ಟರೆ ಮೇಲ್ಭಾಗಕ್ಕೆ ಮಾತ್ರ ಗಾಳಿ ತಾಗುತ್ತದೆ. ಅದನ್ನು ತೆಳ್ಳಗೆ ಹರಡಬೇಕು. ಕಾವಲಿಯ ಮೇಲೆ ದೋಸೆ ಹಿಟ್ಟನ್ನು ಹರಡಿದಂತೆ! ಗಿಬ್ಬನ್ ದಂಪತಿ ಒಂದು ಉರುಟು ಕೊಳವೆಯನ್ನು ನೆಟ್ಟಗೆ ನಿಲ್ಲಿಸಿ ಗಿರಗಿರನೆ ತಿರುಗುವಂತೆ ಮಾಡಿದರು. ರಕ್ತವು ಅದರ ಒಳಗೋಡೆಯ ಮೇಲೆ ತೆಳುವಾದ ಪದರವಾಗಿ ಹರಡಿ ಇಳಿಯುತ್ತಿತ್ತು. ಒಳಗೆ ಆಮ್ಲಜನಕವನ್ನು ಬಿಡುತ್ತಿದ್ದರು. ಕಪ್ಪಾಗಿದ್ದ ರಕ್ತ ಕೆಂಪಾಗುತ್ತಿತ್ತು.

ಮನುಷ್ಯರ ಮೇಲೆ ಬಳಸುವ ಮೊದಲು ಯಂತ್ರವನ್ನು ಪರೀಕ್ಷಿಸಬೇಕಿತ್ತು. ಅದಕ್ಕಾಗಿ ಬೆಕ್ಕುಗಳನ್ನು ಬಳಸಿದರು. ಬೀದಿ ಬೆಕ್ಕುಗಳನ್ನು ಹಿಡಿದು ತರುವ ಕೆಲಸವನ್ನೂ ಅವರೇ ಮಾಡಬೇಕಾಯಿತು. ಎಷ್ಟೋ ಪ್ರಯೋಗಗಳು ಸೋತವು, ಎಷ್ಟೋ ಬೆಕ್ಕುಗಳು ಸತ್ತವು. ಕೊನೆಗೆ 1935ರಲ್ಲಿ ಒಂದು ದಿನ, ಬೆಕ್ಕಿನ ಹೃದಯದಿಂದ ಶ್ವಾಸಕೋಶಕ್ಕೆ ರಕ್ತ ಹೋಗುವ ದಾರಿಯನ್ನು ಪೂರ್ತಿ ಮುಚ್ಚಿದರೂ ಯಂತ್ರದ ಬಲದಿಂದ ಬೆಕ್ಕು ಬದುಕಿಯೇ ಇತ್ತು. ಗಂಡ ಹೆಂಡತಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಪ್ರಯೋಗಾಲಯದಲ್ಲೇ ಇಬ್ಬರೂ ಕುಣಿದಾಡಿದರಂತೆ.

ಬೆಕ್ಕು ಚಿಕ್ಕ ಪ್ರಾಣಿ. ಅದಕ್ಕೆ ಸಾಕಾಗುವ ಯಂತ್ರ ಮನುಷ್ಯರಿಗೆ ಸಾಲದು. ಬೆಳೆದ ಮನುಷ್ಯನ ಹೃದಯ ಒಂದು ನಿಮಿಷಕ್ಕೆ ಸುಮಾರು ಐದು ಲೀಟರ್ ರಕ್ತವನ್ನು ನೂಕುತ್ತದೆ. ಅಷ್ಟು ರಕ್ತಕ್ಕೆ ಆಮ್ಲಜನಕ ಸೇರಿಸುವ ಯಂತ್ರ ಬೇಕಿತ್ತು. ಅಷ್ಟರಲ್ಲಿ ಎರಡನೆಯ ಮಹಾಯುದ್ಧ ಬಂತು. ಗಿಬ್ಬನ್ ಅವರು ಸೈನ್ಯದಲ್ಲಿ ವೈದ್ಯರಾಗಿ ಸೇವೆಗೆ ಹೋದರು. ಕೆಲವು ವರ್ಷ ಪ್ರಯೋಗ ನಿಂತುಹೋಯಿತು. ಯುದ್ಧ ಮುಗಿದ ಮೇಲೆ, 1946ರಲ್ಲಿ, ಅವರು ತಾವು ಕಲಿತ ಜೆಫರ್ಸನ್ ಕಾಲೇಜಿಗೇ ಪ್ರಾಧ್ಯಾಪಕರಾಗಿ ಬಂದರು. ನಿಂತ ಕೆಲಸವನ್ನು ಮತ್ತೆ ಕೈಗೆತ್ತಿಕೊಂಡರು.

ಈ ಬಾರಿ ಅವರಿಗೆ ದೊಡ್ಡ ನೆರವು ಸಿಕ್ಕಿತು. ಲೆಕ್ಕದ ಯಂತ್ರಗಳನ್ನು ತಯಾರಿಸುತ್ತಿದ್ದ ಐಬಿಎಂ ಎಂಬ ಕಂಪನಿಯ ಮುಖ್ಯಸ್ಥ ಥಾಮಸ್ ವಾಟ್ಸನ್ ಅವರನ್ನು ಗಿಬ್ಬನ್ ಕಂಡರು. ವಾಟ್ಸನ್ ಅವರು ತಮ್ಮ ಇಂಜಿನಿಯರುಗಳನ್ನು ಈ ಕೆಲಸಕ್ಕೆ ಕೊಟ್ಟರು. ಕಂಪನಿಯೇ ಖರ್ಚು ವಹಿಸಿಕೊಂಡಿತು. ವೈದ್ಯರೂ ಇಂಜಿನಿಯರುಗಳೂ ಜೊತೆಗೂಡಿ ಹೊಸ ಯಂತ್ರವನ್ನು ಮಾಡಿದರು. ಅದರಲ್ಲಿ ತಿರುಗುವ ಕೊಳವೆಯ ಬದಲು ತಂತಿಯ ಬಲೆಗಳನ್ನು ಸಾಲಾಗಿ ತೂಗುಹಾಕಿದ್ದರು. ರಕ್ತವು ಆ ಬಲೆಗಳ ಮೇಲೆ ತೆಳ್ಳಗೆ ಇಳಿಯುವಾಗ ಹೆಚ್ಚು ಆಮ್ಲಜನಕವನ್ನು ಹೀರಿಕೊಳ್ಳುತ್ತಿತ್ತು. ಈಗ ನಾಯಿಗಳ ಮೇಲೆ ಪ್ರಯೋಗ ನಡೆಯಿತು. ಮೊದಲು ಹೆಚ್ಚಿನ ನಾಯಿಗಳು ಸಾಯುತ್ತಿದ್ದವು. ಒಂದೊಂದೇ ತಪ್ಪನ್ನು ತಿದ್ದುತ್ತ ಹೋದಂತೆ ಹೆಚ್ಚಿನವು ಬದುಕತೊಡಗಿದವು.

1952ರ ಫೆಬ್ರವರಿಯಲ್ಲಿ ಹದಿನೈದು ತಿಂಗಳ ಒಂದು ಮಗುವಿಗೆ ಮೊದಲ ಬಾರಿ ಈ ಯಂತ್ರವನ್ನು ಜೋಡಿಸಿ ಶಸ್ತ್ರಚಿಕಿತ್ಸೆ ಮಾಡಿದರು. ಮಗುವಿನ ಹೃದಯದ ಗೋಡೆಯಲ್ಲಿ ರಂಧ್ರವಿದೆ ಎಂದು ವೈದ್ಯರು ತಿಳಿದಿದ್ದರು. ಹೃದಯವನ್ನು ತೆರೆದು ನೋಡಿದರೆ ಅಲ್ಲಿ ರಂಧ್ರವಿರಲಿಲ್ಲ. ಮಗು ಉಳಿಯಲಿಲ್ಲ. ದೋಷ ಬೇರೆಡೆ ಇತ್ತು ಎಂಬುದು ಆಮೇಲೆ ತಿಳಿಯಿತು. ಹೃದಯದ ಒಳಗೇನಿದೆ ಎಂದು ಹೊರಗಿನಿಂದ ಸರಿಯಾಗಿ ತಿಳಿಯುವುದು ಆಗ ಬಹಳ ಕಷ್ಟವಾಗಿತ್ತು.

1953ರ ಮೇ 6. ಹದಿನೆಂಟು ವರ್ಷದ ಒಬ್ಬ ಕಾಲೇಜು ವಿದ್ಯಾರ್ಥಿನಿ ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಮಲಗಿದ್ದಳು. ಅವಳ ಹೃದಯದ ಮೇಲಿನ ಎರಡು ಕೋಣೆಗಳ ನಡುವೆ ಹುಟ್ಟಿನಿಂದಲೇ ದೊಡ್ಡ ರಂಧ್ರವಿತ್ತು. ಈ ಬಾರಿ ಮೊದಲೇ ಚೆನ್ನಾಗಿ ಪರೀಕ್ಷೆ ಮಾಡಿದ್ದರು. ಯಂತ್ರವನ್ನು ಜೋಡಿಸಿದರು. ಅವಳ ರಕ್ತವು ಕೊಳವೆಗಳಲ್ಲಿ ಹೊರಬಂದು, ಬಲೆಗಳ ಮೇಲೆ ಇಳಿದು, ಕೆಂಪಾಗಿ, ಮತ್ತೆ ಅವಳ ಮೈಯನ್ನು ಸೇರಿತು. ಗಿಬ್ಬನ್ ಅವರು ಹೃದಯವನ್ನು ತೆರೆದು, ರಂಧ್ರವನ್ನು ಹೊಲಿದು ಮುಚ್ಚಿದರು. ಇಪ್ಪತ್ತಾರು ನಿಮಿಷ ಅವಳ ಹೃದಯದ ಮತ್ತು ಶ್ವಾಸಕೋಶದ ಕೆಲಸವನ್ನೆಲ್ಲ ಯಂತ್ರವೇ ಮಾಡಿತು. ಆಮೇಲೆ ಯಂತ್ರವನ್ನು ನಿಲ್ಲಿಸಿದರು. ಅವಳ ಹೃದಯ ತನ್ನ ಕೆಲಸವನ್ನು ತಾನೇ ವಹಿಸಿಕೊಂಡಿತು! ಅವಳು ಗುಣವಾಗಿ ಮನೆಗೆ ಹೋದಳು. ಮುಂದೆ ಹಲವು ದಶಕಗಳ ಕಾಲ ಬದುಕಿದಳು. ಹೃದಯ-ಶ್ವಾಸಕೋಶ ಯಂತ್ರದ ನೆರವಿನಿಂದ ಹೃದಯವನ್ನು ತೆರೆದು ಮಾಡಿದ ಶಸ್ತ್ರಚಿಕಿತ್ಸೆಯಲ್ಲಿ ಇದೇ ಜಗತ್ತಿನ ಮೊದಲ ಗೆಲುವು.

ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಮುಂದಿನದನ್ನೂ ನಾವು ತಿಳಿಯಬೇಕು. ಅದೇ ವರ್ಷ ಜುಲೈ ತಿಂಗಳಲ್ಲಿ ಗಿಬ್ಬನ್ ಅವರು ಐದು ವರ್ಷದ ಇಬ್ಬರು ಬಾಲಕಿಯರಿಗೆ ಶಸ್ತ್ರಚಿಕಿತ್ಸೆ ಮಾಡಿದರು. ಇಬ್ಬರೂ ಉಳಿಯಲಿಲ್ಲ. ಗಿಬ್ಬನ್ ಅವರಿಗೆ ಬಹಳ ದುಃಖವಾಯಿತು. ಗೆದ್ದ ಹೆಸರು ಇದೆಯೆಂದು ಅವರು ಮುಂದುವರಿಯಲಿಲ್ಲ. ಇನ್ನೂ ಹೆಚ್ಚು ತಿಳಿಯುವವರೆಗೆ ಯಂತ್ರವನ್ನು ರೋಗಿಗಳಿಗೆ ಬಳಸುವುದು ಬೇಡ ಎಂದು ನಿರ್ಧರಿಸಿ, ಒಂದು ವರ್ಷದ ಮಟ್ಟಿಗೆ ನಿಲ್ಲಿಸಿಬಿಟ್ಟರು. ಆಮೇಲೆ ಈ ಕೆಲಸವನ್ನು ಕಿರಿಯ ವೈದ್ಯರಿಗೆ ಬಿಟ್ಟುಕೊಟ್ಟರು.

ಆದರೆ ದೋಷವುಳ್ಳ ಮಕ್ಕಳು ಹುಟ್ಟುವುದು ನಿಲ್ಲುವುದಿಲ್ಲವಲ್ಲ! ಅಮೆರಿಕದ ಮಿನ್ನೆಸೋಟಾ ರಾಜ್ಯದಲ್ಲಿ ವಾಲ್ಟನ್ ಲಿಲ್ಲೆಹೈ ಎಂಬ ವೈದ್ಯರು 1954ರಲ್ಲಿ ಬೇರೊಂದು ದಾರಿ ಹಿಡಿದರು. ಮಗುವಿನ ಪಕ್ಕದಲ್ಲಿ ಅದರ ತಂದೆಯನ್ನೋ ತಾಯಿಯನ್ನೋ ಮಲಗಿಸಿ, ಇಬ್ಬರ ರಕ್ತನಾಳಗಳನ್ನೂ ಕೊಳವೆಗಳಿಂದ ಜೋಡಿಸಿದರು. ಶಸ್ತ್ರಚಿಕಿತ್ಸೆ ಮುಗಿಯುವವರೆಗೆ ದೊಡ್ಡವರ ಹೃದಯವೇ ಮಗುವಿನ ಮೈಗೂ ರಕ್ತವನ್ನು ನೂಕುತ್ತಿತ್ತು. ಇದರಿಂದ ಹಲವು ಮಕ್ಕಳು ಬದುಕಿದರು. ಆದರೆ ಒಂದೇ ಶಸ್ತ್ರಚಿಕಿತ್ಸೆಯಲ್ಲಿ ಇಬ್ಬರ ಜೀವಕ್ಕೂ ಅಪಾಯವಿತ್ತು. ಹಾಗಾಗಿ ಯಂತ್ರವೇ ಬೇಕಾಗಿತ್ತು.

ಅದೇ ರಾಜ್ಯದ ಮೇಯೋ ಕ್ಲಿನಿಕ್ ಆಸ್ಪತ್ರೆಯ ಜಾನ್ ಕರ್ಕ್ಲಿನ್ ಎಂಬ ವೈದ್ಯರು ಗಿಬ್ಬನ್ ಅವರ ಯಂತ್ರವನ್ನು ಬಂದು ನೋಡಿದರು. ಅದರ ನಕ್ಷೆಗಳು ಅವರಿಗೆ ದೊರೆತವು. ಅವನ್ನು ಆಧರಿಸಿ, ಯಂತ್ರವನ್ನು ಇನ್ನೂ ಉತ್ತಮಗೊಳಿಸಿ, 1955ರ ಮಾರ್ಚ್ ತಿಂಗಳಿಂದ ಶಸ್ತ್ರಚಿಕಿತ್ಸೆಗಳನ್ನು ಆರಂಭಿಸಿದರು. ಮೊದಲ ರೋಗಿ ಐದು ವರ್ಷದ ಬಾಲಕಿ. ಅವಳು ಬದುಕಿದಳು. ಮೊದಲ ಎಂಟು ರೋಗಿಗಳಲ್ಲಿ ನಾಲ್ವರು ಉಳಿದರು. ಮುಂದೆ ವರ್ಷದಿಂದ ವರ್ಷಕ್ಕೆ ಉಳಿಯುವವರ ಸಂಖ್ಯೆ ಏರುತ್ತ ಹೋಯಿತು. ಯಂತ್ರವನ್ನು ತಾನು ಕಂಡುಹಿಡಿದೆನೆಂದು ಗಿಬ್ಬನ್ ಅದನ್ನು ಬಚ್ಚಿಟ್ಟುಕೊಂಡಿದ್ದರೆ ಇದು ಇಷ್ಟು ಬೇಗ ಆಗುತ್ತಿರಲಿಲ್ಲ.

1968ರಲ್ಲಿ ಗಿಬ್ಬನ್ ಅವರಿಗೆ ಲಾಸ್ಕರ್ ಪ್ರಶಸ್ತಿ ಬಂತು. ವೈದ್ಯಕೀಯ ಕ್ಷೇತ್ರದ ದೊಡ್ಡ ಪ್ರಶಸ್ತಿಗಳಲ್ಲಿ ಇದೂ ಒಂದು. ನಿವೃತ್ತರಾದ ಮೇಲೆ ಅವರು ಚಿತ್ರ ಬಿಡಿಸುವುದರಲ್ಲಿ ಕಾಲ ಕಳೆದರು. 1973ರ ಫೆಬ್ರವರಿ 5ರಂದು ಟೆನಿಸ್ ಆಡುತ್ತಿದ್ದಾಗ ಹೃದಯಾಘಾತವಾಗಿ ತೀರಿಕೊಂಡರು. ಆಗ ಅವರಿಗೆ ಅರವತ್ತೊಂಬತ್ತು ವರ್ಷ.

ಅವರ ಯಂತ್ರದಿಂದ ಇನ್ನೂ ಹೊಸ ಯಂತ್ರಗಳು ಹುಟ್ಟಿದವು. ಗಿಬ್ಬನ್ ಅವರ ಯಂತ್ರ ಶಸ್ತ್ರಚಿಕಿತ್ಸೆಯ ಹೊತ್ತಿಗೆ ಮಾತ್ರ ಕೆಲಸ ಮಾಡುತ್ತಿತ್ತು. ಕೆಲವು ಮಕ್ಕಳ ಹೃದಯಕ್ಕೆ ಅಷ್ಟು ಬಿಡುವು ಸಾಲದು. ದಿನಗಟ್ಟಲೆ ವಿಶ್ರಾಂತಿ ಬೇಕು. 1975ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಉಸಿರಾಡಲಾಗದ ಒಂದು ಹಸುಗೂಸನ್ನು ಇಂತಹ ಯಂತ್ರಕ್ಕೆ ಕೆಲವು ದಿನ ಜೋಡಿಸಿ ಉಳಿಸಿಕೊಂಡರು. ಈ ಯಂತ್ರಕ್ಕೆ ಎಕ್ಮೋ ಎನ್ನುತ್ತಾರೆ. 1990ರ ದಶಕದಲ್ಲಿ ಜರ್ಮನಿಯ ಬರ್ಲಿನ್ ನಗರದ ವೈದ್ಯರು ಮಕ್ಕಳಿಗಾಗಿಯೇ ಚಿಕ್ಕ ಪಂಪುಗಳನ್ನು ಬಳಕೆಗೆ ತಂದರು. ಪಂಪು ಮೈಯ ಹೊರಗಿರುತ್ತದೆ, ಅದರ ಕೊಳವೆಗಳು ಹೃದಯಕ್ಕೆ ಸೇರಿರುತ್ತವೆ. ಹಸುಗೂಸಿಗೆ ಪುಟ್ಟ ಪಂಪು, ದೊಡ್ಡ ಮಕ್ಕಳಿಗೆ ದೊಡ್ಡ ಪಂಪು. ಬದಲಿ ಹೃದಯ ಸಿಗುವವರೆಗೆ ಅದು ಮಗುವನ್ನು ವಾರಗಟ್ಟಲೆ, ತಿಂಗಳುಗಟ್ಟಲೆ ಕಾಪಾಡಬಲ್ಲದು. ಇಂದಿಗೂ ಈ ಯಂತ್ರಗಳು ಅಪಾಯವಿಲ್ಲದವಲ್ಲ. ರಕ್ತ ಹೆಪ್ಪುಗಟ್ಟುವ, ರಕ್ತಸ್ರಾವವಾಗುವ ಭಯ ಇದ್ದೇ ಇದೆ. ಅದಕ್ಕಾಗಿ ವೈದ್ಯರು ಇನ್ನೂ ದುಡಿಯುತ್ತಿದ್ದಾರೆ.

ನಮ್ಮ ದೇಶದಲ್ಲಿಯೂ 1960ರ ದಶಕದಲ್ಲಿ ಹೃದಯ-ಶ್ವಾಸಕೋಶ ಯಂತ್ರವನ್ನು ಬಳಸಿ ಶಸ್ತ್ರಚಿಕಿತ್ಸೆ ಮಾಡತೊಡಗಿದರು. ತಮಿಳುನಾಡಿನ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜು ಇದರಲ್ಲಿ ಮೊದಲಿನವುಗಳಲ್ಲಿ ಒಂದು. ಇಂದು ದೇಶದ ಅನೇಕ ನಗರಗಳಲ್ಲಿ ಈ ಚಿಕಿತ್ಸೆ ದೊರೆಯುತ್ತದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಂತೆ ವೈದ್ಯರ ತಂಡಗಳು ಅಂಗನವಾಡಿಗೂ ಸರಕಾರಿ ಶಾಲೆಗೂ ಬಂದು ಮಕ್ಕಳನ್ನು ಪರೀಕ್ಷಿಸುತ್ತವೆ. ಹೃದಯದ ದೋಷ ಕಂಡರೆ ಚಿಕಿತ್ಸೆಗೆ ಕಳುಹಿಸುತ್ತವೆ. ನಿಮ್ಮ ತರಗತಿಯಲ್ಲಿ ಯಾರಾದರೂ ಸ್ವಲ್ಪ ಓಡಿದರೂ ಏದುಸಿರು ಬಿಡುತ್ತಿದ್ದರೆ ಅವರನ್ನು ನೋಡಿ ನಗಬೇಡಿ. ಗುರುಗಳಿಗೆ ತಿಳಿಸಿ.

ಒಂದು ರಾತ್ರಿ ಒಬ್ಬ ರೋಗಿಯನ್ನು ಉಳಿಸಲಾಗಲಿಲ್ಲ ಎಂಬ ನೋವು ಗಿಬ್ಬನ್ ಅವರನ್ನು ಇಪ್ಪತ್ತಕ್ಕೂ ಹೆಚ್ಚು ವರ್ಷ ದುಡಿಸಿತು. ಗೆದ್ದಾಗ ಅವರು ಬೀಗಲಿಲ್ಲ. ಸೋತಾಗ ಅದನ್ನು ಮರೆಮಾಡಲಿಲ್ಲ. ತಮ್ಮಿಂದ ಮುಗಿಯದ ಕೆಲಸವನ್ನು ಇತರರ ಕೈಗೆ ಕೊಟ್ಟರು. ಆ ಕೆಲಸದಿಂದ ಇಂದು ಲೋಕದ ಎಲ್ಲೆಡೆ ಹೃದಯದೋಷವಿದ್ದ ಎಷ್ಟೋ ಮಕ್ಕಳು ಗುಣವಾಗಿ ನಿಮ್ಮಂತೆಯೇ ಶಾಲೆಗೆ ಹೋಗುತ್ತಿದ್ದಾರೆ, ಆಡುತ್ತಿದ್ದಾರೆ.

ಅಭ್ಯಾಸ

1. ಹೃದಯದಲ್ಲಿ ಎಷ್ಟು ಕೋಣೆಗಳಿವೆ?
2. ಹೃದಯವನ್ನು ನಿಲ್ಲಿಸಿ ಸರಿಪಡಿಸುವುದು ಮೊದಲು ಏಕೆ ಸಾಧ್ಯವಿರಲಿಲ್ಲ?
3. ಯಂತ್ರ ತಯಾರಿಸುವಾಗ ಎದುರಾದ ಮೂರು ತೊಡಕುಗಳು ಯಾವುವು? ಅವುಗಳಿಗೆ ಯಾವ ಉಪಾಯ ಕಂಡುಕೊಂಡರು?
4. 1953ರ ಜುಲೈ ತಿಂಗಳ ನಂತರ ಗಿಬ್ಬನ್ ಅವರು ಕೈಗೊಂಡ ನಿರ್ಧಾರ ಸರಿಯೇ? ನಿಮ್ಮ ಅಭಿಪ್ರಾಯವನ್ನು ಐದು ವಾಕ್ಯಗಳಲ್ಲಿ ಬರೆಯಿರಿ.
5. ಗೆಳೆಯರ ಜೊತೆ ಸೇರಿ ಮಾಡಿ: ಕುಳಿತಿರುವಾಗ ಒಂದು ನಿಮಿಷಕ್ಕೆ ನಾಡಿ ಎಷ್ಟು ಸಲ ಬಡಿಯುತ್ತದೆ ಎಂದು ಎಣಿಸಿ. ಅಂಗಳದಲ್ಲಿ ಒಂದು ಸುತ್ತು ಓಡಿ ಬಂದು ಮತ್ತೆ ಎಣಿಸಿ. ಎರಡನ್ನೂ ಬರೆದು ಹೋಲಿಸಿ.